ಕಲಬುರಗಿ ಬಿಸಿಲಿಗೂ ಕರೆಂಟಿಗೂ ತಾಳುವ ಪಿಸಿ: ಗೇಮಿಂಗ್, ವಿಡಿಯೊ ಎಡಿಟಿಂಗಿಗೆ ಪಾರ್ಟ್ ಆರಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಕಾಕಾನ ಮಗ ಜೇವರ್ಗಿಯಲ್ಲಿ ಮದುವೆ ಶೂಟಿಂಗ್ ಮಾಡುತ್ತಾನೆ. ದೀಪಾವಳಿ ಮುಗಿದ ಮೇಲೆ ಒಂದು ಪಟ್ಟಿ ಹಿಡಿದುಕೊಂಡು ಕಲಬುರಗಿಗೆ ಬಂದ. ಯೂಟ್ಯೂಬ್ ನೋಡಿ ಬರೆದುಕೊಂಡ ಪಟ್ಟಿ. "ಅಣ್ಣಾ, ಒಂದು ಲಕ್ಷ ಅದ. ಇಷ್ಟು ಸಾಮಾನು ತಗೊಂಡ್ರ ಎಡಿಟಿಂಗೂ ಆಗ್ತದ, ಗೇಮೂ ಆಡಬಹುದು ಅಂದಾರ. ನೋಡು ಸ್ವಲ್ಪ" ಅಂದ.

ಪಟ್ಟಿ ಕೆಟ್ಟದಾಗಿರಲಿಲ್ಲ. ಆದರೆ ಅದರಲ್ಲಿ ಎರಡು ಐಟಂ ಇರಲೇ ಇಲ್ಲ. ಕರೆಂಟ್ ಹೋಗಿ ಬಂದಾಗ ಮಷೀನ್ ಉಳಿಸುವುದು ಒಂದು. ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ ಅದನ್ನು ತಣ್ಣಗಿಡುವುದು ಇನ್ನೊಂದು. ಬೆಂಗಳೂರಿನ ತಂಪಿನಲ್ಲಿ ಕೂತು ಪಟ್ಟಿ ಮಾಡುವವರಿಗೆ ಇವು ನೆನಪಾಗದಿದ್ದರೆ ತಪ್ಪೇನಿಲ್ಲ. ನಮಗೆ ಮಾತ್ರ ಇವನ್ನು ಬಿಟ್ಟು ಪಿಸಿ ಕಟ್ಟಲು ಆಗುವುದಿಲ್ಲ. ಇಬ್ಬರೂ ಕೂತು ಆ ಪಟ್ಟಿಯನ್ನು ಮೊದಲಿನಿಂದ ಮಾಡಿದೆವು. ಅದೇ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮಧ್ಯಮ ಬಜೆಟ್ ಅಂದರೆ 80 ಸಾವಿರದಿಂದ 1 ಲಕ್ಷ 20 ಸಾವಿರದ ಒಳಗೆ ಅಂತ ಇಟ್ಟುಕೊಳ್ಳಿ. ಇದು ಸಿಪಿಯು ಡಬ್ಬಿಗೆ ಮಾತ್ರ. ಮಾನಿಟರ್ ಮತ್ತು ಯುಪಿಎಸ್ ದುಡ್ಡು ಮೊದಲೇ ಬೇರೆ ತೆಗೆದಿಡಿ. ಇಲ್ಲದಿದ್ದರೆ ಕೊನೆಗೆ ಯುಪಿಎಸ್ "ಮುಂದಿನ ತಿಂಗಳು ನೋಡೋಣ" ಆಗುತ್ತದೆ.

ಹಂತ 1: ಅಂಗಡಿಗೆ ಹೋಗುವ ಮೊದಲು ನಿಮ್ಮ ಫೈಲ್ ನೋಡಿ

ಮೊದಲು ನೋಡಬೇಕಾದ್ದು ಕ್ಯಾಮೆರಾದ ಮೆಮೊರಿ ಕಾರ್ಡ್. ಮೀಡಿಯಾಇನ್ಫೊ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಶೂಟ್ ಮಾಡಿದ ಒಂದು ಕ್ಲಿಪ್ ಅದರಲ್ಲಿ ತೆರೆಯಿರಿ. ಮೂರು ಸಾಲು ಸಾಕು. ಫಾರ್ಮ್ಯಾಟ್ ಎವಿಸಿಯೋ (ಅಂದರೆ ಎಚ್.264) ಅಥವಾ ಎಚ್‌ಇವಿಸಿಯೋ (ಅಂದರೆ ಎಚ್.265)? ಬಿಟ್ ಡೆಪ್ತ್ 8 ಅಥವಾ 10? ಕ್ರೋಮಾ ಸಬ್‌ಸ್ಯಾಂಪ್ಲಿಂಗ್ 4:2:0 ಅಥವಾ 4:2:2? ಕೊನೆಯ ಎರಡೂ ಫೈಲಿನಲ್ಲಿ ಬಣ್ಣದ ವಿವರ ಎಷ್ಟಿದೆ ಅನ್ನುವುದರ ಅಳತೆ.

ಮೊಬೈಲ್, ಹಳೆಯ ಡಿಎಸ್‌ಎಲ್‌ಆರ್ ಫೈಲ್ ಸಾಮಾನ್ಯವಾಗಿ 4:2:0 ಇರುತ್ತದೆ. ಅದನ್ನು ಯಾವ ಹೊಸ ಗ್ರಾಫಿಕ್ಸ್ ಕಾರ್ಡ್ ಆದರೂ ಸಲೀಸಾಗಿ ಓಡಿಸುತ್ತದೆ. ತೊಂದರೆ ಇರುವುದು 4:2:2 10-ಬಿಟ್ ಫೈಲಿನಲ್ಲಿ. ಸೋನಿ ಎ7 4, ಕ್ಯಾನನ್ ಆರ್6 ತರಹದ ಕ್ಯಾಮೆರಾಗಳು ಇದನ್ನು ಕೊಡುತ್ತವೆ. ಬಣ್ಣ ಚೆನ್ನಾಗಿ ಬರುತ್ತದೆ ಅಂತ ನಮ್ಮ ಕಡೆ ಮದುವೆ ಶೂಟ್ ಮಾಡುವವರೂ ಈಗ ಇದನ್ನೇ ಇಟ್ಟುಕೊಂಡಿರುತ್ತಾರೆ.

ಈ ಫೈಲ್ ಬಿಚ್ಚಲು ಚಿಪ್ಪಿನೊಳಗೆ ಬೇರೆಯೇ ಒಂದು ಭಾಗ ಬೇಕು. ಅದು ಇದ್ದರೆ ಜೋಳದ ಚೀಲ ಗಿರಣಿಗೆ ಹಾಕಿದಂತೆ. ಇಲ್ಲದಿದ್ದರೆ ಪ್ರೊಸೆಸರ್ ಒಂದೇ ಬೀಸುವ ಕಲ್ಲಿನಲ್ಲಿ ಕೂತು ಬೀಸಬೇಕು. ಟೈಮ್‌ಲೈನ್ ನಿಂತು ನಿಂತು ಓಡುವುದು ಇದಕ್ಕೇ. ಎಚ್.265ರ 4:2:2 10-ಬಿಟ್ ಬಿಚ್ಚುವ ಭಾಗ ಇಂಟೆಲ್‌ನ 11ನೇ ಜನರೇಷನ್ ಮತ್ತು ನಂತರದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದೆ. ಇಂಟೆಲ್ ಆರ್ಕ್ ಕಾರ್ಡುಗಳಲ್ಲಿ ಇದೆ. ಎನ್‌ವಿಡಿಯಾದಲ್ಲಿ 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಿಂದ ಇದೆ, 40 ಸರಣಿಯಲ್ಲಿ ಇಲ್ಲ. ಎಎಂಡಿ ರೇಡಿಯಾನ್ ಕಾರ್ಡುಗಳಲ್ಲಿ ಇಲ್ಲ.

ಇಷ್ಟು ಗೊತ್ತಾದರೆ ಅರ್ಧ ಪಟ್ಟಿ ತಾನಾಗಿಯೇ ಆಗುತ್ತದೆ. ನಮ್ಮ ತಮ್ಮನ ಪಟ್ಟಿಯಲ್ಲಿ ಎಎಂಡಿ ಪ್ರೊಸೆಸರ್, ಎಎಂಡಿ ಕಾರ್ಡ್ ಎರಡೂ ಇದ್ದವು. ಗೇಮಿಗೆ ಒಳ್ಳೆಯ ಜೋಡಿ. ಅವನ ಸೋನಿ ಫೈಲಿಗೆ ಮಾತ್ರ ಅದೇ ಬೀಸುವ ಕಲ್ಲು.

ಇನ್ನೊಂದು ಮಾತು. ಎರಡು ನಿಮಿಷದ ಒಂದು ಕ್ಲಿಪ್ಪನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಪರಿಚಯದ ಸ್ಟುಡಿಯೊ ಇದ್ದರೆ ಇನ್ನೂ ಒಳ್ಳೆಯದು. ನೀವು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಅದನ್ನು ಓಡಿಸಿ ನೋಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ 4ಕೆ ಯುಎಚ್‌ಡಿ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಫೈಲ್ ಹೊರಗೆ ಕೊಡುತ್ತದೆ. ಬಹಳ ಜನರಿಗೆ ಅಷ್ಟೇ ಸಾಕು. ಆದರೆ 10-ಬಿಟ್ ಫೈಲ್ ಇದ್ದರೆ ಉಚಿತ ಆವೃತ್ತಿಯಲ್ಲಿ ಹೇಗೆ ಓಡುತ್ತದೆ ಅಂತ ದುಡ್ಡು ಕೊಡುವ ಮೊದಲೇ ಕಣ್ಣಾರೆ ನೋಡಿಕೊಳ್ಳಿ.

ಹಂತ 2: ಗ್ರಾಫಿಕ್ಸ್ ಕಾರ್ಡ್

ಒಂದು ಲಕ್ಷದಲ್ಲಿ 35ರಿಂದ 40 ಸಾವಿರ ಇದಕ್ಕೇ ಹೋಗಲಿ. ಗೇಮಿಗೂ ಎಡಿಟಿಂಗಿಗೂ ಒಟ್ಟಿಗೆ ದುಡಿಯುವ ಪಾರ್ಟ್ ಇದು.

ಮೊದಲು ಕಾರ್ಡಿನ ಮೆಮೊರಿ ನೋಡಿ. 1080ಪಿ ಗೇಮಿಗೆ 8 ಜಿಬಿ ಇವತ್ತಿಗೆ ನಡೆಯುತ್ತದೆ. 1440ಪಿಯಲ್ಲಿ ಟೆಕ್ಸ್‌ಚರ್ ಜಾಸ್ತಿ ಇಟ್ಟರೆ ಹೊಸ ಗೇಮುಗಳಲ್ಲಿ 8 ಜಿಬಿ ಸಾಲದು, ಆಟ ಎಳೆದಂತೆ ಆಗುತ್ತದೆ. ಎಡಿಟಿಂಗಿನಲ್ಲಿ 4ಕೆ ಟೈಮ್‌ಲೈನ್ ಮೇಲೆ ಎರಡು ಮೂರು ಎಫೆಕ್ಟ್ ಹಾಕಿದರೆ ರಿಸಾಲ್ವ್ "ಜಿಪಿಯು ಮೆಮೊರಿ ತುಂಬಿದೆ" ಅಂತ ಹೇಳಿ ನಿಂತುಬಿಡುತ್ತದೆ. ಅದಕ್ಕೇ ಎಡಿಟಿಂಗ್ ಮಾಡಿ ದುಡಿಯುವವರಿಗೆ 12 ಅಥವಾ 16 ಜಿಬಿ ತಗೊಳ್ಳಿ ಅಂತಲೇ ಹೇಳುತ್ತೇನೆ.

4:2:2 ಫೈಲ್ ಇದ್ದವರಿಗೆ ಆರ್‌ಟಿಎಕ್ಸ್ 5060 ಟಿಐ 16 ಜಿಬಿ ನನ್ನ ಮೊದಲ ಆಯ್ಕೆ. ದುಡ್ಡು ಸಾಲದಿದ್ದರೆ ಆರ್‌ಟಿಎಕ್ಸ್ 5060. ಅದರಲ್ಲಿ 8 ಜಿಬಿ ಮಾತ್ರ, ಆದರೆ ಫೈಲ್ ಬಿಚ್ಚುವ ಭಾಗ ಅದೇ. 5060 ಟಿಐ ಹೆಸರಲ್ಲಿ 8 ಜಿಬಿಯದೂ ಇದೆ, 16 ಜಿಬಿಯದೂ ಇದೆ. ಬಾಕ್ಸ್ ನೋಡಲು ಒಂದೇ ತರಹ. ಕೊಟೇಶನ್‌ನಲ್ಲಿ ಸುಮ್ನೆ "5060 ಟಿಐ" ಅಂತ ಬರೆದಿದ್ದರೆ ಮುಂದೆ "16 ಜಿಬಿ" ಅಂತ ಬರೆಸಿಕೊಳ್ಳಿ.

ಗೇಮ್ ಮುಖ್ಯ, ಫೈಲೆಲ್ಲ 4:2:0 ಅನ್ನುವವರಿಗೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇಂಟೆಲ್ ಆರ್ಕ್ ಬಿ580 12 ಜಿಬಿ ಮೆಮೊರಿ, 4:2:2 ಎರಡನ್ನೂ ಕೊಡುತ್ತದೆ, ಬೆಲೆಯೂ ಕಡಿಮೆ. ಆದರೆ ನಿಮ್ಮ ಸಾಫ್ಟ್‌ವೇರಿಗೆ ಕುಡಾ (CUDA) ಅನ್ನುವ ಎನ್‌ವಿಡಿಯಾದ ಸ್ವಂತ ತಂತ್ರಜ್ಞಾನ ಬೇಕಿದ್ದರೆ ಎನ್‌ವಿಡಿಯಾ ಬಿಟ್ಟು ಬೇರೆ ದಾರಿ ಇಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳುವುದಾದರೆ ವಾರಂಟಿ ಬಾಕಿ ಇರುವುದನ್ನೇ, ಬಿಲ್ ಸಮೇತ ತಗೊಳ್ಳಿ. ಎದುರಿಗೇ ಅರ್ಧ ಗಂಟೆ ಗೇಮ್ ಓಡಿಸಿ ನೋಡಿ.

ಹಂತ 3: ಪ್ರೊಸೆಸರ್, ಮದರ್‌ಬೋರ್ಡ್

ಇಲ್ಲಿ ಎರಡು ದಾರಿ.

ಒಂದು ಎಎಂಡಿ. ರೈಜೆನ್ 5 7600 ಆರು ಕೋರ್, 12 ಥ್ರೆಡ್. 65 ವ್ಯಾಟಿನದು, ಬಾಕ್ಸಿನಲ್ಲೇ ಫ್ಯಾನ್ ಬರುತ್ತದೆ. ಗೇಮಿಗೆ ಪೂರ್ತಿ ಸಾಕು. ಎಡಿಟಿಂಗ್ ದಿನವಿಡೀ ಇದ್ದರೆ ಎಂಟು ಕೋರಿನ ರೈಜೆನ್ 7 7700 ನೋಡಿ. ಇವು ಕೂರುವ ಎಎಂ5 ಸಾಕೆಟ್ 2022ರಲ್ಲಿ ಬಂದಿದ್ದು. 2027 ಮತ್ತು ಅದರಾಚೆಗೂ ನಡೆಸುತ್ತೇವೆ ಅಂತ ಎಎಂಡಿ ಹೇಳಿದೆ. ಅಂದರೆ ಮೂರು ವರ್ಷದ ಮೇಲೆ ಬೋರ್ಡ್ ಬದಲಿಸದೆ ಹೊಸ ಪ್ರೊಸೆಸರ್ ಹಾಕಿಕೊಳ್ಳುವ ದಾರಿ ಇದೆ. ಎರಡು ಸೀಸನ್ ದುಡಿದು ಆಮೇಲೆ ಏರಿಸೋಣ ಅನ್ನುವವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಇಂಟೆಲ್. ಕೋರ್ ಐ5 14500ರಲ್ಲಿ 14 ಕೋರ್, 20 ಥ್ರೆಡ್. ಒಳಗಿನ ಗ್ರಾಫಿಕ್ಸ್ 4:2:2 ಎಚ್.265 ಫೈಲ್ ಬಿಚ್ಚುತ್ತದೆ. ಹಳೆಯ ಎನ್‌ವಿಡಿಯಾ ಕಾರ್ಡ್ ಈಗಾಗಲೇ ಇದ್ದು, ಅದನ್ನೇ ಮುಂದುವರಿಸುವವರಿಗೆ ಇದು ಚೊಲೊ ಜೋಡಿ. ಹೆಸರಿನ ಕೊನೆಗೆ "ಎಫ್" ಇರುವುದನ್ನು ಮಾತ್ರ ತಗೊಳ್ಳಬೇಡಿ. ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಒಂದೆರಡು ಸಾವಿರ ಉಳಿಯುತ್ತದೆ ಅಂತ ಅಂಗಡಿಯವರು ಎಫ್ ಕೊಡಲು ನೋಡುತ್ತಾರೆ, ನಿಮ್ಮ ಗಿರಣಿಯೇ ಹೋಗುತ್ತದೆ. ಈ ಸಾಕೆಟ್‌ಗೆ ಮುಂದೆ ಹೊಸ ಜನರೇಷನ್ ಬರುವುದಿಲ್ಲ ಅನ್ನುವುದೂ ನೆನಪಿರಲಿ. 13, 14ನೇ ಜನರೇಷನ್‌ನಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಪ್ರೊಸೆಸರ್ ಕೆಡುವ ತೊಂದರೆ ಬಂದಿತ್ತು. 2024ರಲ್ಲಿ ಇಂಟೆಲ್ ಅದಕ್ಕೆ ಪರಿಹಾರ ಬಿಟ್ಟಿದೆ. ಆದ್ದರಿಂದ ಈ ಜನರೇಷನ್ ತಗೊಂಡರೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿಯೇ ಮನೆಗೆ ತನ್ನಿ.

ಬೋರ್ಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಎಂಡಿಗೆ ಬಿ650 ಅಥವಾ ಬಿ850, ಇಂಟೆಲ್‌ಗೆ ಬಿ760. ಪ್ರೊಸೆಸರ್ ಸುತ್ತ ಕರೆಂಟ್ ಪೂರೈಸುವ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇರಬೇಕು. ನಮ್ಮ ಬಿಸಿಲಿಗೆ ಅದು ಬೇಕೇ ಬೇಕು. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎರಡಾದರೂ ಇರಲಿ.

ಒಂದು ಎಚ್ಚರಿಕೆ. "ಐ7 ಗೇಮಿಂಗ್ ಪಿಸಿ, 16 ಜಿಬಿ, ಬರೀ 25 ಸಾವಿರ" ಅನ್ನುವ ಜಾಹೀರಾತು ನೋಡಿ ಬಹಳ ಹುಡುಗರು ಮರುಳಾಗುತ್ತಾರೆ. ಅದರೊಳಗೆ ಇರುವುದು ಸಾಮಾನ್ಯವಾಗಿ 2011, 2012ರ ಕಾಲದ ಎರಡನೇ, ಮೂರನೇ ಜನರೇಷನ್ ಐ7. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಅದರ ನಂತರದ್ದು ಬೇಕು. "ಐ7 ಅದ" ಅಂದರೆ "ಯಾವ ಜನರೇಷನ್ ರೀ?" ಅಂತ ಕೇಳಿ.

ಹಂತ 4: ರ‍್ಯಾಮ್

32 ಜಿಬಿ, 16ರ ಎರಡು ಕಡ್ಡಿ. ಗೇಮಿಗೆ 16 ಸಾಕು, ಎಡಿಟಿಂಗಿಗೆ ಸಾಲದು. ಎಎಂ5 ಬೋರ್ಡಿಗೆ ಡಿಡಿಆರ್5, 6000 ವೇಗದ್ದು ಸರಿಹೊಂದುತ್ತದೆ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ಎಐ ಡೇಟಾ ಸೆಂಟರ್‌ಗಳೇ ಮೆಮೊರಿ ಚಿಪ್ಪನ್ನೆಲ್ಲ ಎಳೆದುಕೊಳ್ಳುತ್ತಿವೆ. ನಮಗೆ ಸೋಮವಾರ ಕೊಟ್ಟ ಕೊಟೇಶನ್ ಶನಿವಾರಕ್ಕೆ ಬದಲಾಗಿತ್ತು. ಹಾಗಾಗಿ ದುಡ್ಡು ಕೈಯಲ್ಲಿ ಬಂದ ದಿನವೇ ಹೊಸದಾಗಿ ರೇಟ್ ಕೇಳಿ. ತೀರಾ ಕೈಗೆ ಮೀರಿದರೆ ಈಗ 16ರ ಒಂದೇ ಕಡ್ಡಿ ಹಾಕಿ, ಆಮೇಲೆ ಅದೇ ಮಾಡೆಲ್‌ನ ಇನ್ನೊಂದು ಸೇರಿಸಿ. ವೇಗ ಸ್ವಲ್ಪ ಕಡಿಮೆಯಾದರೂ ಕೆಲಸ ನಿಲ್ಲುವುದಿಲ್ಲ. ನಾಲ್ಕು ಚಿಕ್ಕ ಕಡ್ಡಿ ಮಾತ್ರ ಹಾಕಬೇಡಿ. ರೈಜೆನ್ 7000 ಸರಣಿಯಲ್ಲಿ ನಾಲ್ಕು ಕಡ್ಡಿ ಹಾಕಿದರೆ ಕಂಪನಿ ಒಪ್ಪುವ ವೇಗ ಬರೀ 3600.

ಹಂತ 5: ಸ್ಟೋರೇಜ್

ಇಲ್ಲಿ ಊಹೆ ಬೇಡ, ಗುಣಾಕಾರ ಸಾಕು. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದರೆ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಒಂದೊಂದೂ ನಾಲ್ಕು ಗಂಟೆ ಓಡಿದರೆ 360 ಜಿಬಿ. ಒಂದೇ ಮದುವೆ! 200 ಮೆಗಾಬಿಟ್ ಇಟ್ಟಿದ್ದರೆ ಇದರ ಎರಡು ಪಟ್ಟು.

ಆದ್ದರಿಂದ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಒಂದು ವಿಂಡೋಸ್, ಸಾಫ್ಟ್‌ವೇರ್, ಗೇಮಿಗೆ. ಇನ್ನೊಂದು 1 ಟಿಬಿ ಈಗ ನಡೆಯುತ್ತಿರುವ ಕೆಲಸಕ್ಕೆ. ಮುಗಿದ ಕೆಲಸ ಇಡಲು ಹಾರ್ಡ್ ಡಿಸ್ಕ್. ಎರಡನೇ ಎಸ್‌ಎಸ್‌ಡಿಗೆ ದುಡ್ಡು ಇಲ್ಲದಿದ್ದರೆ ಆಮೇಲೆ ಹಾಕಿ, ಎಂ.2 ಸ್ಲಾಟ್ ಎರಡು ಇರಲಿ ಅಂದಿದ್ದು ಇದಕ್ಕೇ. ಜೆನ್ 4 ಎಸ್‌ಎಸ್‌ಡಿ ಸೆಕೆಂಡಿಗೆ 5000ದಿಂದ 7000 ಎಂಬಿ ಓದುತ್ತದೆ. ಎಡಿಟಿಂಗಿಗೆ ಜೆನ್ 3ರ 3500 ಕೂಡ ಸಾಕು. ವೇಗಕ್ಕಿಂತ ಒಳಗಿನ ಚಿಪ್ ಟಿಎಲ್‌ಸಿ ಇದೆಯಾ ನೋಡಿ. ಕ್ಯೂಎಲ್‌ಸಿ ಚಿಪ್ಪಿನದು ದೊಡ್ಡ ಫೈಲ್ ಕಾಪಿ ಮಾಡುವಾಗ ಅರ್ಧಕ್ಕೆ ಬಂದು ನಿಧಾನವಾಗುತ್ತದೆ.

ಮದುವೆ ಫುಟೇಜ್ ಮರಳಿ ಸಿಗುವುದಿಲ್ಲ. ಆಲ್ಬಮ್, ವಿಡಿಯೊ ಕೈಗೆ ಕೊಡುವವರೆಗೆ ಎರಡು ಬೇರೆ ಬೇರೆ ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಹಂತ 6: ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್

ಇದು ನಿಧಾನವಾಗಿ ಓದಬೇಕಾದ ಭಾಗ.

ನನ್ನ ಮೊದಲ ಪಿಸಿಗೆ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ, ಒಳಗಿನ ಪಾರ್ಟುಗಳಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಹಾಕಿಸಿಕೊಂಡಿದ್ದೆ. "ಸಾಕ್ರಿ ಸರ್, 500 ವ್ಯಾಟ್ ಅದ" ಅಂದಿದ್ದರು. ಏಪ್ರಿಲ್‌ನ ಒಂದು ಸಂಜೆ, ಗಾಳಿ ಮಳೆ ಶುರುವಾಗಿತ್ತು. ಕರೆಂಟ್ ಹೋಯಿತು, ಎರಡು ಸೆಕೆಂಡಿಗೆ ಬಂತು, ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಟಪ್ ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ತಾನೊಂದೇ ಹೋಗಲಿಲ್ಲ. ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ನಮ್ಮ ಅಕ್ಕನ ಮದುವೆ ಫೋಟೊ ಇದ್ದವು. ಅವತ್ತಿನಿಂದ ಯಾರ ಪಟ್ಟಿ ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಈ ಸಾಲಿಗೆ.

ಲೆಕ್ಕ ಹೀಗೆ. 65 ವ್ಯಾಟಿನ ರೈಜೆನ್ ಪೂರ್ತಿ ದುಡಿದಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ. 5060 ಟಿಐ 180 ವ್ಯಾಟ್. ಬೋರ್ಡ್, ಫ್ಯಾನ್, ಡ್ರೈವ್ ಸೇರಿ 60 ಅಂತ ಹಿಡಿಯಿರಿ. ಒಟ್ಟು 328. ಎನ್‌ವಿಡಿಯಾ ಈ ಕಾರ್ಡಿಗೆ 600 ವ್ಯಾಟ್ ಎಸ್‌ಎಂಪಿಎಸ್ ಹೇಳುತ್ತದೆ. ನೀವು 650 ವ್ಯಾಟಿನದು ತಗೊಳ್ಳಿ. ಮೇಲೆ 80 ಪ್ಲಸ್ ಬ್ರಾಂಜ್ ದರ್ಜೆ (ಕರೆಂಟ್ ಬಿಸಿಯಾಗಿ ಪೋಲಾಗುವುದು ಕಡಿಮೆ ಅನ್ನುವ ಗುರುತು) ಆದರೂ ಇರಲಿ, ಗೋಲ್ಡ್ ಆದರೆ ಬಿಸಿ ಕಡಿಮೆ. ಐದು ವರ್ಷ ಅಥವಾ ಜಾಸ್ತಿ ವಾರಂಟಿ ಇರುವುದನ್ನೇ ನೋಡಿ. ಕಂಪನಿ ಅಷ್ಟು ವರ್ಷ ಹೊಣೆ ಹೊರುತ್ತದೆ ಅಂದರೆ ಒಳಗೆ ಹಾಕಿದ ಸಾಮಾನೂ ಅಂಥದ್ದಿರುತ್ತದೆ. ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಬರೆದಿರಲಿ. ಹಳ್ಳಿ ಕಡೆ ಸಂಜೆ ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಇಳಿದರೂ ಅದು ತಡೆಯುತ್ತದೆ.

ಈಗ ಯುಪಿಎಸ್. ಅಂಗಡಿಯಲ್ಲಿ ಎಲ್ಲರೂ ಕೊಡುವುದು 600 ವಿಎ. ಅದು ಕೊಡುವುದು ಸುಮಾರು 360 ವ್ಯಾಟ್. ಮೇಲಿನ 328ಕ್ಕೆ ಮಾನಿಟರ್‌ನ 30 ಸೇರಿಸಿ: 358, ಮಿತಿಯ ಅಂಚಿಗೇ ಬಂತು. ಗೇಮ್ ಓಡುವಾಗ ಕರೆಂಟ್ ಹೋದರೆ ಆ ಯುಪಿಎಸ್ ಒಮ್ಮೆ ಕೀಂ ಅಂದು ತಾನೂ ಆಫ್ ಆಗಬಹುದು. ಆದ್ದರಿಂದ 1000 ಅಥವಾ 1100 ವಿಎ, 600 ವ್ಯಾಟ್ ಕೊಡುವುದನ್ನು ತಗೊಳ್ಳಿ. ಅದು ಗಂಟೆಗಟ್ಟಲೆ ಓಡಿಸುವುದಿಲ್ಲ. ಪ್ರಾಜೆಕ್ಟ್ ಸೇವ್ ಮಾಡಿ ಬಂದ್ ಮಾಡಲು ಸಮಯ ಕೊಡುತ್ತದೆ, ಹೋಗಿ ಬಂದು ಮಾಡುವ ಕರೆಂಟಿನ ಹೊಡೆತ ತಡೆಯುತ್ತದೆ. ದುಡ್ಡು ಇದ್ದರೆ ಪ್ಯೂರ್ ಸೈನ್ ವೇವ್ ಯುಪಿಎಸ್ ಒಳ್ಳೆಯದು, ಹೊಸ ಎಸ್‌ಎಂಪಿಎಸ್‌ಗಳಿಗೆ ಅದು ಚೆನ್ನಾಗಿ ಹೊಂದುತ್ತದೆ.

ಮನೆಗೆ ದೊಡ್ಡ ಇನ್ವರ್ಟರ್ ಇದ್ದರೆ ಅದರ ಹಿಂದೆ "ಯುಪಿಎಸ್ ಮೋಡ್" ಅಂತ ಒಂದು ಸ್ವಿಚ್ ಇದೆಯಾ ನೋಡಿ. ಅದು ನಾರ್ಮಲ್ ಮೋಡಿನಲ್ಲಿ ಇದ್ದರೆ ಬದಲಾಗುವ ಹೊತ್ತಿಗೆ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಕೊನೆಗೆ ಅರ್ಥಿಂಗ್. ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಅರ್ಥಿಂಗ್ ಸರಿಯಿಲ್ಲ ಅಂತಲೇ ತಿಳಿಯಿರಿ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್ ಇಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಗುಂಡಿಯ ಸುತ್ತಲೂ ಬಿಡುತ್ತದೆ. ಉಪ್ಪು, ಇದ್ದಿಲು ಹಾಕಿದ ಹಳೆಯ ಗುಂಡಿ ಇದ್ದರೆ ಬೇಸಿಗೆ ಪೂರ್ತಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕಿ. ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ಮುರಿದು ಎರಡು ಪಿನ್ ಬೋರ್ಡಿಗೆ ಚುಚ್ಚುವುದನ್ನು ದಯವಿಟ್ಟು ಬಿಡಿ.

ಹಂತ 7: ಕ್ಯಾಬಿನೆಟ್, ಗಾಳಿ, ಧೂಳು

ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದಂತೆ ಬಿಸಿಲು ಏರುತ್ತದೆ. ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಮದುವೆ ಸೀಸನ್ನೂ ಆಗಲೇ, ಎಡಿಟಿಂಗ್ ಒತ್ತಡವೂ ಆಗಲೇ, ಹುಡುಗರ ರಜೆಯೂ ಆಗಲೇ. ಪಿಸಿ ಅತಿ ಹೆಚ್ಚು ದುಡಿಯುವ ತಿಂಗಳೇ ಅತಿ ಹೆಚ್ಚು ಸುಡುವ ತಿಂಗಳು.

ಮುಂದೆ ಗಾಜು ಇರುವ ಕ್ಯಾಬಿನೆಟ್ ನೋಡಲು ಚಂದ, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಗಾಳಿ ಒಳಗೆ ಬರಲು ಜಾಗವೇ ಇರುವುದಿಲ್ಲ. ಮುಂದೆ ಜಾಲರಿ ಇರುವುದು, ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರುವುದು ಆರಿಸಿ. ಮುಂದಿನಿಂದ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರಗೆ ಬಿಡಲಿ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ. ಪ್ರೊಸೆಸರಿಗೆ ಬಾಕ್ಸಿನಲ್ಲಿ ಬಂದ ಫ್ಯಾನ್ ಬದಲು ಟವರ್ ತರಹದ ಏರ್ ಕೂಲರ್ ಹಾಕಿ. ನೀರಿನ ಕೂಲರ್ ಈ ಬಜೆಟ್ಟಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರ ಪಂಪ್ ಕೆಟ್ಟರೆ ಸೀಸನ್ ನಡುವೆ ಕೆಲಸ ನಿಲ್ಲುತ್ತದೆ. ಏರ್ ಕೂಲರಿನ ಫ್ಯಾನ್ ಕೆಟ್ಟರೆ ಇಲ್ಲೇ ಒಂದು ಫ್ಯಾನ್ ತಂದು ಸಂಜೆಗೆ ಹಾಕಬಹುದು.

ಮನೆಯ ಕೂಲರ್ ಬಗ್ಗೆಯೂ ಒಂದು ಮಾತು. ನೀರು ಹಾಕುವ ಕೂಲರ್ ಕೋಣೆ ತಣ್ಣಗೆ ಮಾಡುತ್ತದೆ, ಪಿಸಿಗೂ ಒಳ್ಳೆಯದು. ಆದರೆ ಅದರ ಗಾಳಿಯಲ್ಲಿ ನೀರಿನ ಸಣ್ಣ ಹನಿ ಇರುತ್ತವೆ. ಕ್ಯಾಬಿನೆಟ್ಟಿಗೆ ನೇರ ಮುಖ ಮಾಡಿ ಇಡಬೇಡಿ. ಕೂಲರ್ ಒಂದು ಮೂಲೆ, ಪಿಸಿ ಇನ್ನೊಂದು ಮೂಲೆ, ನಡುವೆ ಕಿಟಕಿ ಸ್ವಲ್ಪ ತೆರೆದಿರಲಿ.

ಕ್ಯಾಬಿನೆಟ್ ನೆಲದ ಮೇಲೆ ಬೇಡ. ಕಸ ಗುಡಿಸುವಾಗ ಏಳುವ ಧೂಳೆಲ್ಲ ಅದರ ಬಾಯಿಗೇ ಹೋಗುತ್ತದೆ. ಒಂದು ಗೇಣು ಎತ್ತರದ ಸ್ಟೂಲ್ ಸಾಕು. ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್, ಕಲ್ಲಿನ ಧೂಳು ಇರುವವರು ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬ್ಲೋವರ್ ಹಿಡಿಯುವಾಗ ಪಿಸಿಯ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಬ್ಲೋವರ್ ಗಾಳಿಗೆ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹಂತ 8: ಮಾನಿಟರ್

ಗೇಮಿಗೆ 144 ಹರ್ಟ್ಸ್ ಅಥವಾ ಮೇಲೆ, ಎಡಿಟಿಂಗಿಗೆ ಐಪಿಎಸ್ ಪ್ಯಾನೆಲ್ ಮತ್ತು 100% ಎಸ್‌ಆರ್‌ಜಿಬಿ ಹತ್ತಿರದ ಬಣ್ಣ. ಎರಡೂ ಇರುವ 1080ಪಿ, 1440ಪಿ ಮಾನಿಟರ್‌ಗಳು ಸಿಗುತ್ತವೆ. 27 ಇಂಚು ತಗೊಂಡರೆ 1440ಪಿಯೇ ಇರಲಿ, ಅಷ್ಟು ದೊಡ್ಡದರಲ್ಲಿ 1080ಪಿ ಅಕ್ಷರ ಒಡೆದಂತೆ ಕಾಣುತ್ತವೆ.

ಹಂತ 9: ಎಲ್ಲಿ ಕೊಳ್ಳುವುದು

ಕಲಬುರಗಿಯಲ್ಲೇ ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆ ಕಡೆ ಕೇಳಿ ನೋಡಿ. ಸಿಗದಿದ್ದರೆ ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್ ಇದೆ, ಎಲ್ಲರೂ ಸಿಟಿಸಿ ಅನ್ನುತ್ತಾರೆ. ನಮಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಅದೇ ಹತ್ತಿರ. ಆನ್‌ಲೈನ್ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಸಾವಿರ, ಎರಡು ಸಾವಿರದ ವ್ಯತ್ಯಾಸ ಇದ್ದರೆ ನಾನು ಊರಿನ ಅಂಗಡಿಯಲ್ಲೇ ತಗೊಳ್ಳುತ್ತೇನೆ. ಸೀಸನ್ ನಡುವೆ ಏನಾದರೂ ಕೆಟ್ಟರೆ ಎದುರಿಗೆ ಹೋಗಿ ನಿಂತು ಕೇಳಬಹುದು.

ಪ್ರತಿ ಪಾರ್ಟಿಗೂ ಜಿಎಸ್‌ಟಿ ಬಿಲ್ ಬೇಕು, ಅದರ ಮೇಲೆ ಸೀರಿಯಲ್ ನಂಬರ್ ಬೇಕು. ಕಂಪ್ಯೂಟರ್ ಪಾರ್ಟ್ ಮೇಲೆ ಜಿಎಸ್‌ಟಿ 18%. "ಬಿಲ್ ಬ್ಯಾಡ ಅಂದ್ರ ಕಡಿಮಿ ಮಾಡ್ತೀನ್ರಿ" ಅಂದರೆ ಒಪ್ಪಬೇಡಿ, ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಪ್ರೊಸೆಸರ್ ಸೀಲ್ ಇರುವ ಬಾಕ್ಸಿನಲ್ಲೇ ಬರಲಿ. ಬಾಕ್ಸ್ ಇಲ್ಲದ "ಟ್ರೇ" ಪ್ರೊಸೆಸರಿಗೆ ಕಂಪನಿಯ ನೇರ ವಾರಂಟಿ ಸಿಗುವುದಿಲ್ಲ. ಆನ್‌ಲೈನ್ ತರಿಸಿದ್ದರೆ ಪಾರ್ಸೆಲ್ ಬಿಚ್ಚುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿಕೊಳ್ಳಿ.

ಹಂತ 10: ಜೋಡಿಸುವುದು, ಮೊದಲ ಸಲ ಆನ್ ಮಾಡುವುದು

ಅಂಗಡಿಯಲ್ಲೇ ಜೋಡಿಸಿಕೊಡುತ್ತಾರೆ. ನೀವೇ ಮಾಡುವುದಾದರೆ ತಪ್ಪಾಗುವ ಜಾಗಗಳನ್ನು ಹೇಳಿಬಿಡುತ್ತೇನೆ. ಎಎಂ5ರಲ್ಲಿ ಸೂಜಿಯಂಥ ಪಿನ್‌ಗಳು ಪ್ರೊಸೆಸರಿನಲ್ಲಿ ಇಲ್ಲ, ಬೋರ್ಡಿನ ಸಾಕೆಟ್‌ನಲ್ಲಿ ಇವೆ. ಅಲ್ಲಿಗೆ ಬೆರಳು ತಾಗಬಾರದು. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳಿ. ರ‍್ಯಾಮ್ ಎರಡು ಕಡ್ಡಿಯನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಬೋರ್ಡಿಗಲ್ಲ.

ನಮ್ಮ ತಮ್ಮ ತಾನೇ ಜೋಡಿಸಿದ. ರಾತ್ರಿ ಹನ್ನೊಂದಕ್ಕೆ ಫೋನ್. "ಅಣ್ಣಾ, ಫ್ಯಾನ್ ತಿರಗ್ಲಿಕತ್ತದ, ಸ್ಕ್ರೀನೇ ಬರವಲ್ದು. ಬೋರ್ಡ್ ಹೋಯ್ತೇನ?" ದನಿಯಲ್ಲಿ ನಡುಕ. ಬೋರ್ಡ್ ಮೇಲೆ ಡಿರ‍್ಯಾಮ್ ಅಂತ ಬರೆದ ಪಕ್ಕ ಲೈಟ್ ಹತ್ತಿದೆಯಾ ಕೇಳಿದೆ. ಹತ್ತಿದೆ ಅಂದ. "ಹತ್ತು ನಿಮಿಷ ಏನೂ ಮುಟ್ಟಬ್ಯಾಡ. ಸುಮ್ನ ಕೂಡು" ಅಂದೆ. ಡಿಡಿಆರ್5 ಬೋರ್ಡುಗಳು ಮೊದಲ ಸಲ ರ‍್ಯಾಮ್ ಜೊತೆ ತಮ್ಮನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತವೆ. ಅಷ್ಟು ಹೊತ್ತು ಸ್ಕ್ರೀನ್ ಕಪ್ಪಗಿರುತ್ತದೆ. ಇದು ಗೊತ್ತಿಲ್ಲದೆ ನಡುವೆ ಆಫ್ ಮಾಡಿ, ರ‍್ಯಾಮ್ ಕಿತ್ತು, ಮತ್ತೆ ಹಾಕಿ ಒದ್ದಾಡುವವರು ಬಹಳ. ಫೋನ್ ಇಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ "ಬಂತು! ಬಂತಣ್ಣಾ!" ಅಂತ ಕೂಗಿದ, ಹಿಂದೆ ನಮ್ಮ ಕಾಕಿ "ಏನ್ ಬಂತೋ?" ಅಂತ ಕೇಳಿದ್ದೂ ಕೇಳಿಸಿತು.

ಸ್ಕ್ರೀನ್ ಬಂದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಪೊ ಆನ್ ಮಾಡಿ, ಇಂಟೆಲ್ ಬೋರ್ಡ್ ಆದರೆ ಎಕ್ಸ್‌ಎಂಪಿ. ಮಾಡದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ಇದನ್ನು ಆನ್ ಮಾಡಿದಾಗಲೂ ಒಮ್ಮೆ ಸ್ಕ್ರೀನ್ ಕಪ್ಪಗಿರಬಹುದು, ಕಾಯಿರಿ. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ನೋಡಿ, 144ರ ಮಾನಿಟರ್ 60ರಲ್ಲೇ ಕೂತಿರುತ್ತದೆ.

ಹಂತ 11: ಬೇಸಿಗೆ ಪರೀಕ್ಷೆ

ಎಚ್‌ಡಬ್ಲ್ಯೂಇನ್ಫೊ ಹಾಕಿಕೊಳ್ಳಿ, ಪಾರ್ಟುಗಳ ಉಷ್ಣಾಂಶ ತೋರಿಸುವ ಉಚಿತ ಸಾಫ್ಟ್‌ವೇರ್. ಒಂದು ಗಂಟೆ ಭಾರವಾದ ಗೇಮ್ ಓಡಿಸಿ, ಆಮೇಲೆ ನಿಮ್ಮ 4ಕೆ ಫೈಲಿನ ದೊಡ್ಡ ರೆಂಡರ್ ಹಾಕಿ. ಕೋಣೆಯ ಉಷ್ಣಾಂಶ, ಪ್ರೊಸೆಸರ್, ಕಾರ್ಡ್ ಮೂರನ್ನೂ ಬರೆದುಕೊಳ್ಳಿ. ಚಳಿಗಾಲದಲ್ಲಿ ಕೋಣೆ 26, ಕಾರ್ಡ್ 66 ಇದ್ದರೆ, ಮೇನಲ್ಲಿ ಕೋಣೆ 40 ಆದಾಗ ಕಾರ್ಡ್ ಸುಮಾರು 80 ಆಗುತ್ತದೆ. ಕೋಣೆ ಎಷ್ಟು ಏರಿತೋ ಪಾರ್ಟೂ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ರೈಜೆನ್ 7600ರ ಮಿತಿ 95. ಈ ಕೂಡುವ ಲೆಕ್ಕದಲ್ಲಿ ಪ್ರೊಸೆಸರಿನ ಬೇಸಿಗೆ ಅಂಕಿ 90 ದಾಟುತ್ತಿದ್ದರೆ ಈಗಲೇ ಇನ್ನೊಂದು ಫ್ಯಾನ್ ಹಾಕಿಸಿ, ಅಥವಾ ಕೂಲರ್ ಸರಿಯಾಗಿ ಕೂತಿದೆಯಾ ಬಿಚ್ಚಿ ನೋಡಿ. ಮೇ ತಿಂಗಳಲ್ಲಿ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಿಂದ ಕಾರ್ಡಿನ ಪವರ್ ಮಿತಿಯನ್ನು 85%ಗೆ ಇಳಿಸಿದರೆ ಗೇಮಿನಲ್ಲಿ ಕೆಲವೇ ಫ್ರೇಮ್ ಕಡಿಮೆಯಾಗುತ್ತವೆ, ಬಿಸಿ ಚೆನ್ನಾಗಿ ಇಳಿಯುತ್ತದೆ.

ಇನ್ನೊಂದು ಪರೀಕ್ಷೆ ಯುಪಿಎಸ್‌ಗೆ. ಕಳೆದುಹೋದರೂ ಪರವಾಗಿಲ್ಲ ಅನ್ನುವ ಒಂದು ಫೈಲನ್ನು ರೆಂಡರಿಗೆ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ. ಪಿಸಿ ಓಡುತ್ತಲೇ ಇರಬೇಕು. ಎಷ್ಟು ನಿಮಿಷ ಓಡಿತು ಅಂತ ಯುಪಿಎಸ್ ಮೇಲೆಯೇ ಒಂದು ಚೀಟಿ ಬರೆದು ಅಂಟಿಸಿ. ಆರು ತಿಂಗಳಿಗೊಮ್ಮೆ ಇದನ್ನೇ ಮಾಡಿ. ಆ ನಿಮಿಷ ಅರ್ಧಕ್ಕೆ ಇಳಿದರೆ ಬ್ಯಾಟರಿ ಬದಲಿಸಿ.

ಬಾಕ್ಸುಗಳನ್ನು ಎಸೆಯಬೇಡಿ, ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನದು. ವಾರಂಟಿಗೆ ಹೈದರಾಬಾದಿಗೆ ಕಳಿಸುವ ದಿನ ಬಂದರೆ ಅದೇ ಬಾಕ್ಸು, ಅದೇ ಸ್ಪಂಜು ಬೇಕಾಗುತ್ತದೆ. ನಮ್ಮ ತಮ್ಮ ಎಲ್ಲವನ್ನೂ ಅಟ್ಟದ ಮೇಲೆ ಇಟ್ಟಿದ್ದಾನೆ. ಬಿಲ್ಲುಗಳ ಫೋಟೊ ನನ್ನ ಮೊಬೈಲಿನಲ್ಲೂ ಇವೆ.